ಕಚೇರಿಯ ಇಂಟರ್‌ನೆಟ್‌ಗೆ ಬೀಗ: ಎಲ್ಲಿ ಬೇಕು, ಎಲ್ಲಿ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು: ಕಚೇರಿಯಲ್ಲಿ ಇಂಟರ್‌ನೆಟ್‌ಗೆ ಕಡಿವಾಣ. ಬರೆದವರಲ್ಲಿ ಮಾಲೀಕರಿದ್ದಾರೆ, ಕಡಿವಾಣ ಹಾಕಿಸಿಕೊಂಡವರಿದ್ದಾರೆ, ಇಬ್ಬರ ನಡುವೆ ಸಿಕ್ಕಿಕೊಂಡಿರುವ ಐಟಿ ವಿಭಾಗದವರೂ ಇದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಲೆಕ್ಕಪತ್ರ ನೋಡಿಕೊಡುವ ಸಂಸ್ಥೆ. ಇಪ್ಪತ್ತೈದು ಜನ ಕೆಲಸ ಮಾಡುತ್ತಾರೆ. ಯಾರ ಬೆನ್ನ ಹಿಂದೆ ಹೋಗಿ ನಿಂತರೂ ಪರದೆಯ ಮೇಲೆ ವಿಡಿಯೊ, ಶಾಪಿಂಗ್, ಫೇಸ್‌ಬುಕ್. ಇತ್ತೀಚೆಗೆ ಒಂದು ಕಂಪ್ಯೂಟರಿಗೆ ವೈರಸ್ ಕೂಡ ಬಂತು. ಕೆಲಸಕ್ಕೆ ಬೇಕಾದ ಐದಾರು ವೆಬ್‌ಸೈಟ್ ಬಿಟ್ಟು ಮಿಕ್ಕಿದ್ದೆಲ್ಲ ಬಂದ್ ಮಾಡಿಸಬೇಕೆಂದಿದ್ದೇನೆ. ಫೈರ್‌ವಾಲ್ (ಕಚೇರಿಗೂ ಇಂಟರ್‌ನೆಟ್‌ಗೂ ನಡುವೆ ನಿಂತು ಬೇಡದ್ದನ್ನು ತಡೆಯುವ ವ್ಯವಸ್ಥೆ) ಮಾರುವವರು ‘ಎರಡೂ ತೊಂದರೆ ಒಂದೇ ಏಟಿಗೆ ಮುಗಿಯುತ್ತದೆ’ ಅನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ: ಒಂದೇ ಏಟಿನ ಮಾತನ್ನು ನಂಬಬೇಡಿ ಸರ್. ವೈರಸ್ ಬಂದದ್ದು ಭದ್ರತೆಯ ವಿಷಯ. ವಿಡಿಯೊ ನೋಡುವುದು ಕೆಲಸ ಮಾಡಿಸುವ ವಿಷಯ. ಮೊದಲನೆಯದಕ್ಕೆ ತಡೆ ಬೇಕೇ ಬೇಕು, ಅದರಲ್ಲಿ ದಾಕ್ಷಿಣ್ಯ ಬೇಡ. ಎರಡನೆಯದನ್ನು ಫೈರ್‌ವಾಲ್ ಹಾಕಿ ಬಗೆಹರಿಸಿಕೊಂಡ ಕಚೇರಿಯನ್ನು, ವರ್ಷಗಟ್ಟಲೆ ನೆಟ್‌ವರ್ಕ್ ಕೆಲಸದಲ್ಲೇ ಇದ್ದರೂ ನಾನು ಕಂಡಿಲ್ಲ.

ಆ ವೈರಸ್ ಹೇಗೆ ಬಂತು ಅಂತ ವಿಚಾರಿಸಿದಿರಾ? ಸಾಮಾನ್ಯವಾಗಿ ಅದು ಇಮೇಲಿಗೆ ಅಂಟಿಕೊಂಡು ಬಂದ ಫೈಲು, ಪುಕ್ಕಟೆ ಸಿಗುತ್ತದೆಂದು ಇಳಿಸಿಕೊಂಡ ಕಳ್ಳ ಸಾಫ್ಟ್‌ವೇರ್, ಇಲ್ಲವೇ ಪೆನ್‌ಡ್ರೈವ್. ಒಳ್ಳೆಯ ವೆಬ್‌ಸೈಟುಗಳಿಂದಲೂ ಬರುತ್ತದೆ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಲ್ಲಿ ಕಾಣಿಸಿಕೊಂಡ ಜಾಹೀರಾತುಗಳ ಮೂಲಕವೇ ಓದುಗರ ಕಂಪ್ಯೂಟರುಗಳ ಮೇಲೆ ದಾಳಿ ನಡೆಯಿತು. ಜಾಹೀರಾತು ಬರುವುದು ಪತ್ರಿಕೆಯಿಂದಲ್ಲ, ಇನ್ನಾರದೋ ಸರ್ವರಿನಿಂದ. ಇನ್ನು 2017ರ ಮೇ ತಿಂಗಳ ವನ್ನಾಕ್ರೈ ಗೊತ್ತಿರಬೇಕು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೇ ನಿಲ್ಲಿಸಿಬಿಟ್ಟ ವೈರಸ್. ಅದು ಹರಡಲು ಯಾರೂ ಯಾವ ವೆಬ್‌ಸೈಟನ್ನೂ ತೆರೆಯಬೇಕಾಗಿರಲಿಲ್ಲ. ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ದೋಷ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹಾರಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು. ಫೇಸ್‌ಬುಕ್ ಬಂದ್ ಮಾಡಿ ಅಪ್‌ಡೇಟ್ ಮುಂದೂಡಿದವರಿಗೆ ಅದರಿಂದ ಏನೂ ಉಪಯೋಗವಾಗುತ್ತಿರಲಿಲ್ಲ.

ಆದ್ದರಿಂದ ಮೊದಲು ಅಪ್‌ಡೇಟ್ ನೋಡಿ. ಆಮೇಲೆ, ನಿಮ್ಮವರು ದಿನವೂ ಬಳಸುವ ಲಾಗಿನ್‌ಗೆ ಅಡ್ಮಿನ್ ಅಧಿಕಾರ (ಯಾವ ಸಾಫ್ಟ್‌ವೇರನ್ನಾದರೂ ಹಾಕುವ, ತೆಗೆಯುವ ಅಧಿಕಾರ) ಇದ್ದರೆ ಇವತ್ತೇ ತೆಗೆಸಿ. ಸಣ್ಣ ಕಚೇರಿಗಳಲ್ಲಿ ಎಲ್ಲರೂ ಅಡ್ಮಿನ್ ಆಗಿರುವುದನ್ನು ಎಷ್ಟು ಕಡೆ ನೋಡಿದ್ದೇನೋ. ಅಧಿಕಾರ ಇಲ್ಲದ ಲಾಗಿನ್‌ನಲ್ಲಿ ಕ್ಲಿಕ್ ಮಾಡಿದ ವೈರಸ್ಸಿಗೂ ಅಧಿಕಾರ ಇರುವುದಿಲ್ಲ, ಮಾಡುವ ಹಾನಿ ಕಡಿಮೆ. ಮೂರನೆಯದು ಡಿಎನ್‌ಎಸ್ ಫಿಲ್ಟರ್. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಕ್ವಾಡ್9 ಸಂಸ್ಥೆಯ 9.9.9.9, ಕ್ಲೌಡ್‌ಫ್ಲೇರ್‌ನ 1.1.1.2, ಇವೆರಡೂ ಅಪಾಯಕಾರಿಯೆಂದು ಗೊತ್ತಾದ ಹೆಸರುಗಳಿಗೆ ವಿಳಾಸ ಕೊಡುವುದೇ ಇಲ್ಲ. ದುಡ್ಡು ಕೊಡಬೇಕಾಗಿಲ್ಲ, ರೌಟರಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಹಣ ಕೊಟ್ಟು ತೆಗೆದುಕೊಳ್ಳುವ ಫಿಲ್ಟರುಗಳಲ್ಲಿ ‘ಹೊಸದಾಗಿ ನೋಂದಣಿಯಾದ ಹೆಸರುಗಳು’ ಎಂಬ ವರ್ಗವೂ ಇರುತ್ತದೆ. ಅದನ್ನು ತಪ್ಪದೆ ಬಂದ್ ಮಾಡಿ. ವಂಚಕರು ಬಳಸುವ ಹೆಸರುಗಳು ಹಲವು ಸಲ ನಿನ್ನೆ ಮೊನ್ನೆ ಹುಟ್ಟಿದಂಥವು. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಸಾಫ್ಟ್‌ವೇರುಗಳು ನಿಮ್ಮ ಕೆಲಸಕ್ಕೆ ಬೇಕಿಲ್ಲದಿದ್ದರೆ ಅವನ್ನೂ ತಡೆಯಿರಿ. ಅವು ಕೆಟ್ಟವಲ್ಲ, ಆದರೆ ‘ನಾವು ಬ್ಯಾಂಕಿನವರು’ ಎಂದು ಫೋನ್ ಮಾಡುವವರು ಮೊದಲು ಹಾಕಿಸುವುದೇ ಅವನ್ನು.

ಐದಾರು ವೆಬ್‌ಸೈಟ್ ಮಾತ್ರ ತೆರೆಯಬೇಕು ಎಂಬ ನಿಮ್ಮ ಯೋಚನೆ ಒಂದು ಕಡೆ ಬಹಳ ಸರಿ. ಹಣ ಕಳಿಸುವ ಕಂಪ್ಯೂಟರ್ ಒಂದನ್ನು ಬೇರೆ ಮಾಡಿ. ಅದರಲ್ಲಿ ಬ್ಯಾಂಕಿನ ತಾಣ, ಸಾಫ್ಟ್‌ವೇರ್ ಅಪ್‌ಡೇಟ್, ಇಷ್ಟೇ. ಇಮೇಲ್ ಬೇಡ, ಬೇರೆ ಯಾವ ತಾಣವೂ ಬೇಡ. ಉಳಿದ ಯಂತ್ರಗಳಿಗೆ ಅದೇ ನಿಯಮ ಹಾಕಿದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ, ನೀವು ದಿನವೂ ಫಾರಂ ತುಂಬುವ ಪುಟ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಟ್ಯಾಬ್ ನೋಡಿ. ಪುಟ ಒಂದೇ, ಅದಕ್ಕೆ ಸಾಮಾನು ಬರುವುದು ಹತ್ತಾರು ವಿಳಾಸಗಳಿಂದ. ಅಕ್ಷರದ ಫಾಂಟು ಒಂದು ಕಡೆಯಿಂದ, ‘ನಾನು ರೋಬೋ ಅಲ್ಲ’ ಎಂಬ ಪೆಟ್ಟಿಗೆ ಇನ್ನೊಂದು ಕಡೆಯಿಂದ, ಬಟನ್ ನಡೆಸುವ ಸ್ಕ್ರಿಪ್ಟು ಮತ್ತೊಂದು ಕಡೆಯಿಂದ, ಹಣ ಕಟ್ಟುವ ಪುಟ ಬೇರೆಯೇ. ಇದರಲ್ಲಿ ಒಂದು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೂ ಪುಟವೇನೋ ತೆರೆಯುತ್ತದೆ, ಬಟನ್ ಒತ್ತಿದರೆ ಸುಮ್ಮನಿರುತ್ತದೆ. ತಪ್ಪೇನೆಂದು ಹೇಳುವ ಸಂದೇಶವೂ ಬರುವುದಿಲ್ಲ. ಕೊನೇ ದಿನಾಂಕದ ಸಂಜೆ ನಿಮ್ಮವರು ಆ ಬಟನ್ ಒತ್ತುತ್ತ ಕೂರುತ್ತಾರೆ.

ಇನ್ನು ವಿಡಿಯೊ. ಒಂದು ಕಚೇರಿಯಲ್ಲಿ ಯೂಟ್ಯೂಬ್ ಬಂದ್ ಮಾಡಲು ನನ್ನನ್ನು ಕರೆದಿದ್ದರು. ‘ಆ ಹುಡುಗಿಯನ್ನು ನೋಡಿ, ಬೆಳಿಗ್ಗೆಯಿಂದ ವಿಡಿಯೊ’ ಅಂತ ಮಾಲೀಕರು ತೋರಿಸಿದರು. ನಾನು ಹೋಗಿ ಅವಳ ಪಕ್ಕ ಕುಳಿತೆ. ಒಂದು ಕಿವಿಯಲ್ಲಿ ಇಯರ್‌ಫೋನ್. ಅರ್ಧ ಪರದೆಯಲ್ಲಿ ಎಕ್ಸೆಲ್, ಇನ್ನರ್ಧದಲ್ಲಿ ವಿಡಿಯೊ. ಎರಡು ಶೀಟುಗಳ ಹೆಸರು ತಾಳೆ ನೋಡುವ ವಿಲುಕಪ್ ಸೂತ್ರ ಬರೆಯುವುದು ಹೇಗೆಂದು ಹೇಳಿಕೊಡುವ ವಿಡಿಯೊ ಅದು. ಅವಳು ಅದನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಸೂತ್ರ ಬರೆದು, ತಪ್ಪು ಬಂದರೆ ಮತ್ತೆ ಎಳೆಯುತ್ತಿದ್ದಳು. ಕೆಲಸ ವಹಿಸಿದವರು ಯಾರೂ ಅದನ್ನು ಅವಳಿಗೆ ಕಲಿಸಿರಲಿಲ್ಲ. ಮಾಲೀಕರು ತಾವೇ ಬಂದು ನೋಡಿದರು, ಯೂಟ್ಯೂಬ್ ಉಳಿಯಿತು.

ಎಲ್ಲರೂ ಹಾಗೇ ಅಂತ ನಾನು ಹೇಳುತ್ತಿಲ್ಲ. ಕಾಲಹರಣ ಮಾಡುವವರು ಇದ್ದೇ ಇರುತ್ತಾರೆ. ಆದರೆ ನೀವು ಕಂಪ್ಯೂಟರಿನಲ್ಲಿ ಬಂದ್ ಮಾಡಿದ್ದು ಅವರ ಜೇಬಿನ ಫೋನಿನಲ್ಲಿ ತೆರೆದೇ ಇರುತ್ತದೆ. ಗಮನ ಚೆದುರಿಸುವುದು ಫೇಸ್‌ಬುಕ್ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಮೂರು ನೌಕರರಿಗೆ ಐದು ದಿನ ಕಚೇರಿಯ ಇಮೇಲನ್ನೇ ನಿಲ್ಲಿಸಿದ್ದರು. ಅವರು ಒಂದು ವಿಂಡೊದಿಂದ ಇನ್ನೊಂದಕ್ಕೆ ಹಾರುವುದು ಕಡಿಮೆಯಾಯಿತು, ಒಂದೇ ಕೆಲಸದಲ್ಲಿ ಹೆಚ್ಚು ಹೊತ್ತು ನಿಂತರು, ಒತ್ತಡವೂ ಇಳಿಯಿತು. ಚಿಕ್ಕ ಅಧ್ಯಯನ ನಿಜ. ಆದರೂ ಹದಿನೈದು ನಿಮಿಷಕ್ಕೊಮ್ಮೆ ‘ಆಯಿತಾ?’ ಅಂತ ಮೆಸೇಜು ಹಾಕುವ ಮಾಲೀಕರೆಲ್ಲ ಇದನ್ನು ತಿಳಿದಿರಬೇಕು. ಯಾರ ಕೆಲಸ ತಡವಾಗುತ್ತಿದೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಅವರನ್ನು ಕೂರಿಸಿಕೊಂಡು ಮಾತಾಡಿ. ಒಬ್ಬಿಬ್ಬರಿಗೆ ಹೇಳಬೇಕಾದ ಮಾತನ್ನು ಫೈರ್‌ವಾಲ್ ಬಾಯಿಂದ ಇಪ್ಪತ್ತೈದು ಜನಕ್ಕೆ ಹೇಳಿಸಬೇಡಿ.

ವಿಡಿಯೊದಿಂದ ಎಲ್ಲರ ಇಂಟರ್‌ನೆಟ್ ನಿಧಾನವಾಗುತ್ತಿದೆ ಎನ್ನುವುದಾದರೆ ಅದು ನ್ಯಾಯವಾದ ಕಾರಣ. ಬಂದ್ ಮಾಡಬೇಕಾಗಿಲ್ಲ, ವಿಡಿಯೊಗೆ ವೇಗದ ಮಿತಿ ಹಾಕುವ ಅನುಕೂಲ ಅನೇಕ ಆಫೀಸ್ ರೌಟರುಗಳಲ್ಲೇ ಇದೆ.

ಪ್ರಶ್ನೆ: ನಮ್ಮ ಕಚೇರಿಯ ಕಂಪ್ಯೂಟರುಗಳಲ್ಲಿ ಏನೋ ‘ಸರ್ಟಿಫಿಕೇಟ್’ ಹಾಕಿದ್ದಾರೆ. ಅದು ಬಂದಮೇಲೆ ನಾವು ನೋಡುವುದೆಲ್ಲ ಅವರಿಗೆ ಕಾಣುತ್ತದೆ ಅನ್ನುತ್ತಾರೆ. ಊಟದ ಬಿಡುವಿನಲ್ಲಿ ನನ್ನ ಬ್ಯಾಂಕ್ ಖಾತೆ ನೋಡುವ ಅಭ್ಯಾಸ ನನಗೆ. ಪಾಸ್‌ವರ್ಡ್ ಕೂಡ ಕಾಣುತ್ತದೆಯೇ?

ಉತ್ತರ: ಕಾಣುವ ಸಾಧ್ಯತೆ ಇದೆ. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಕಚೇರಿಯ ಫೈರ್‌ವಾಲಿಗೆ ನೀವು ಯಾವ ಬ್ಯಾಂಕಿನ ತಾಣಕ್ಕೆ ಹೋದಿರಿ ಎಂಬುದಷ್ಟೇ ಸಾಮಾನ್ಯವಾಗಿ ಗೊತ್ತಾಗುತ್ತದೆ, ಒಳಗೇನು ಮಾಡಿದಿರಿ ಎಂಬುದು ಗೊತ್ತಾಗುವುದಿಲ್ಲ. ಅದು ಅಂಟಿಸಿದ ಲಕೋಟೆಯ ಹಾಗೆ ಗುಪ್ತ ರೂಪದಲ್ಲಿ ಹೋಗುತ್ತದೆ. ಸರ್ಟಿಫಿಕೇಟ್ ಹಾಕಿದ ಮೇಲೆ ಫೈರ್‌ವಾಲ್ ನಡುವೆ ಕೂತು ಲಕೋಟೆ ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳಿಸಬಲ್ಲದು. ವೈರಸ್ ಹಿಡಿಯಲು ಇದನ್ನು ಮಾಡುತ್ತಾರೆ, ಅದರಲ್ಲಿ ಹುರುಳೂ ಇದೆ. ಆದರೆ ಬ್ಯಾಂಕು, ಆಸ್ಪತ್ರೆಯಂಥ ತಾಣಗಳನ್ನು ಬಿಚ್ಚದೆ ಬಿಡುವುದು ಒಳ್ಳೆಯ ಕಚೇರಿಗಳ ಪದ್ಧತಿ.

ನೀವೇ ನೋಡಿಕೊಳ್ಳಬಹುದು. ಬ್ಯಾಂಕಿನ ಪುಟ ತೆರೆದು, ಲಾಗಿನ್ ಆಗುವ ಮುಂಚೆ, ವಿಳಾಸದ ಎಡತುದಿಯಲ್ಲಿರುವ ಗುರುತು ಒತ್ತಿ, ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ಓದಿ. ಅಲ್ಲಿ ನಿಮ್ಮ ಸಂಸ್ಥೆಯದೋ ಫೈರ್‌ವಾಲ್ ಕಂಪನಿಯದೋ ಹೆಸರಿದ್ದರೆ ಲಕೋಟೆ ಬಿಚ್ಚುತ್ತಿದ್ದಾರೆ ಎಂದೇ ಅರ್ಥ. (ಕೆಲವು ಆಂಟಿವೈರಸ್‌ಗಳೂ ಹೀಗೇ ಮಾಡುತ್ತವೆ, ಅವುಗಳ ಹೆಸರೂ ಇರಬಹುದು.) ಅದೇನೇ ಇರಲಿ, ಸ್ವಂತ ಬ್ಯಾಂಕ್ ಕೆಲಸಕ್ಕೆ ನಿಮ್ಮ ಫೋನು, ನಿಮ್ಮ ಡೇಟಾ ಬಳಸಿ.

ಹೇಳದೆ ಓದುವುದು ತಪ್ಪು ಎಂದು ನನ್ನ ದೃಢ ಅಭಿಪ್ರಾಯ. ರೊಮೇನಿಯಾದ ನೌಕರ ಬರ್ಬುಲೆಸ್ಕು ಅವರ ಮೊಕದ್ದಮೆ ಈ ವಿಷಯದಲ್ಲಿ ಓದಬೇಕಾದದ್ದು. ಯಾಹೂ ಮೆಸೆಂಜರ್‌ನಲ್ಲಿ ಸ್ವಂತ ಮಾತುಕತೆ ಆಡಿದರೆಂದು 2007ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಸ್ವಂತಕ್ಕೆ ಬಳಸಬಾರದು ಎಂಬ ನಿಯಮ ಆ ಕಂಪನಿಯಲ್ಲಿ ಇತ್ತು. ಆದರೂ 2017ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ದೊಡ್ಡ ಪೀಠ ಅವರ ಪರ ತೀರ್ಪು ಕೊಟ್ಟಿತು. ಬಳಸಬೇಡಿ ಎಂದರೆ ಸಾಲದು. ನಿಗಾ ಇಡುತ್ತೇವೆ, ಇಷ್ಟರ ಮಟ್ಟಿಗೆ ಇಡುತ್ತೇವೆ, ಬರೆದದ್ದನ್ನೂ ಓದಬಹುದು ಎಂದು ಮುಂಚೆಯೇ ತಿಳಿಸಿದ್ದರೇ ಎಂದು ನೋಡಬೇಕಿತ್ತು ಎಂಬುದು ಆ ತೀರ್ಪಿನ ಮುಖ್ಯ ಮಾತು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಆದರೆ ಮುಂಚೆ ತಿಳಿಸುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೊ (ಖಾಸಗಿ) ವಿಂಡೊದಲ್ಲಿ ನೋಡಿದರೆ ಆಫೀಸಿನವರಿಗೆ ಗೊತ್ತಾಗುವುದಿಲ್ಲ ಅಲ್ಲವೇ?

ಉತ್ತರ: ಗೊತ್ತಾಗುತ್ತದೆ. ಆ ಬ್ರೌಸರಿನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ.

ಪ್ರಶ್ನೆ: ನಾನು ಒಂದು ಕಂಪನಿಯ ಐಟಿ ವಿಭಾಗದಲ್ಲಿ ಒಬ್ಬನೇ ಇದ್ದೇನೆ. ಯಾರು ಯಾವ ವೆಬ್‌ಸೈಟ್‌ನಲ್ಲಿ ಎಷ್ಟು ಹೊತ್ತು ಇದ್ದರು ಅಂತ ಪ್ರತಿ ಸಂಜೆ ಮ್ಯಾನೇಜರಿಗೆ ಪಟ್ಟಿ ಕೊಡಬೇಕಂತೆ. ಸಹೋದ್ಯೋಗಿಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಇಂಥ ಪಟ್ಟಿ ಕೇಳುವವರಿಗೆ ಮೊದಲು ತಿಳಿಸಬೇಕಾದದ್ದು, ಅದು ಸುಳ್ಳು ಹೇಳುತ್ತದೆ ಎಂದು. ಮ್ಯಾನೇಜರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವರದೇ ಕಂಪ್ಯೂಟರಿನ ಲಾಗ್ (ಹೋದ ತಾಣಗಳ ದಾಖಲೆ) ತೆರೆದು ತೋರಿಸಿ. ಬೆಳಿಗ್ಗೆ ಒಂದು ಸುದ್ದಿ ತಾಣ ತೆರೆದು ಟ್ಯಾಬ್ ಮುಚ್ಚದೆ ಮೀಟಿಂಗಿಗೆ ಹೋಗಿದ್ದರೆ, ಆ ಪುಟ ತನ್ನಷ್ಟಕ್ಕೆ ತಾನು ಹೊಸ ಸುದ್ದಿ, ಹೊಸ ಜಾಹೀರಾತು ತರಿಸಿಕೊಳ್ಳುತ್ತಲೇ ಇರುತ್ತದೆ. ಪಟ್ಟಿಯಲ್ಲಿ ‘ಸುದ್ದಿ: ಮೂರು ಗಂಟೆ’ ಅಂತ ಬರುತ್ತದೆ. ಅವರು ಎಂದೂ ಫೇಸ್‌ಬುಕ್ ತೆರೆಯದವರಾದರೂ ಫೇಸ್‌ಬುಕ್ ಹೆಸರು ಅಲ್ಲಿರಬಹುದು, ಏಕೆಂದರೆ ಎಷ್ಟೋ ತಾಣಗಳು ತಮ್ಮ ಪುಟದೊಳಗೆ ಫೇಸ್‌ಬುಕ್ಕಿನ ಬಟನ್ ಇಟ್ಟಿರುತ್ತವೆ. ಕಂಪ್ಯೂಟರ್ ಯಾವ ವಿಳಾಸವನ್ನು ಮಾತಾಡಿಸಿತು ಎಂಬುದಷ್ಟೇ ಲಾಗ್‌ನಲ್ಲಿರುವುದು. ಮನುಷ್ಯನ ಕಣ್ಣು ಎಲ್ಲಿತ್ತು ಎಂಬುದು ಅದರಲ್ಲಿಲ್ಲ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ವೈರಸ್ ಒಳಗೆ ಬಂದಾಗ ‘ಏನೋ ಎಡವಟ್ಟಾಯಿತು’ ಎಂದು ಮೊದಲು ಅನ್ನಿಸುವುದು ಫೈರ್‌ವಾಲಿಗಲ್ಲ, ಕ್ಲಿಕ್ ಮಾಡಿದವರಿಗೆ. ಅವರು ಆ ನಿಮಿಷವೇ ನಿಮಗೆ ಫೋನ್ ಮಾಡಿದರೆ ಒಂದು ಕೇಬಲ್ ಕಿತ್ತು ಕಚೇರಿ ಉಳಿಸಬಹುದು. ಪ್ರತಿ ಸಂಜೆ ಪಟ್ಟಿ ಕೊಟ್ಟು ಬೈಸುವ ಮನುಷ್ಯನಿಗೆ ಅವರು ಯಾಕೆ ಫೋನ್ ಮಾಡುತ್ತಾರೆ? ಸುಮ್ಮನೆ ಮೇಲ್ ಅಳಿಸಿ ಕೂರುತ್ತಾರೆ. 2018ರಲ್ಲಿ ಸಿಂಗಪುರದ ಸಿಂಗ್‌ಹೆಲ್ತ್ ಆಸ್ಪತ್ರೆ ಸಮೂಹದಿಂದ 15 ಲಕ್ಷ ರೋಗಿಗಳ ಮಾಹಿತಿ ಕಳುವಾಯಿತು, ಆ ದೇಶದ ಆಗಿನ ಪ್ರಧಾನಿಯದೂ ಸೇರಿ. ಅನುಮಾನಕ್ಕೆ ಎಡೆಮಾಡುವ ಸಂಗತಿಗಳನ್ನು ಸಿಬ್ಬಂದಿ ಕಂಡಿದ್ದರೂ ಸಕಾಲಕ್ಕೆ ಮೇಲಿನವರಿಗೆ ತಿಳಿಸಲಿಲ್ಲ ಎಂದು ತನಿಖಾ ಸಮಿತಿ ಎತ್ತಿ ತೋರಿಸಿತು. ಇದನ್ನು ನಿಮ್ಮ ಮ್ಯಾನೇಜರಿಗೆ ಹೇಳಿ. ಲಾಗ್ ಇಡುವುದು ಬೇಡವೆಂದಲ್ಲ, ಅನಾಹುತವಾದಾಗ ಅದು ಬೇಕೇ ಬೇಕು. ಅದನ್ನು ಯಾರು ತೆರೆಯಬಹುದು, ಎಂಥ ಸಂದರ್ಭದಲ್ಲಿ, ಎಷ್ಟು ದಿನ ಇಟ್ಟು ಅಳಿಸಬೇಕು ಎಂಬುದು ಬರಹದಲ್ಲಿರಲಿ. ಹಾಗೂ ಪಟ್ಟಿ ಬೇಕೇ ಬೇಕೆಂದರೆ ಹೆಸರಿಲ್ಲದ ಪಟ್ಟಿ ಕೊಡಿ: ಈ ವಾರ ತಡೆದ ಅಪಾಯಕಾರಿ ತಾಣಗಳು ಇಷ್ಟು, ಇಂಥ ಬಗೆಯವು.

ಪ್ರಶ್ನೆ: ಸಿಂಗಪುರದಲ್ಲಿ ಸರ್ಕಾರಿ ನೌಕರರ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಇಲ್ಲ ಎಂದು ಓದಿದೆ. ಎಲ್ಲ ಕಚೇರಿಗಳೂ ಹಾಗೇ ಮಾಡಬಾರದೇಕೆ?

ಉತ್ತರ: 2016ರಲ್ಲಿ ಪ್ರಕಟಿಸಿ, ಮರುವರ್ಷ ಜಾರಿಗೆ ತಂದರು. ಕೆಲಸದ ಕಂಪ್ಯೂಟರ್ ಬೇರೆ, ಇಂಟರ್‌ನೆಟ್ ನೋಡುವ ಸಾಧನ ಬೇರೆ. ಮೇಲೆ ಹೇಳಿದ ಕಳವು ನಡೆದ ಮೇಲೆ ಸಾರ್ವಜನಿಕ ಆಸ್ಪತ್ರೆಗಳಿಗೂ ಅದನ್ನು ವಿಸ್ತರಿಸಿದರು. ಲಕ್ಷಾಂತರ ಜನರ ಮಾಹಿತಿ ಕಾಯುವ ಜಾಗಕ್ಕೆ ಇದು ತಕ್ಕದ್ದೇ. ಆದರೆ ಅಲ್ಲಿ ಎರಡನೆಯ ಸಾಧನವನ್ನೂ ಕೊಟ್ಟರು ಎಂಬುದನ್ನು ಮರೆಯಬಾರದು. ಅದನ್ನು ಕೊಡದೆ ತಂತಿ ಮಾತ್ರ ಕತ್ತರಿಸಿದರೆ ಜನ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯುತ್ತಾರೆ.

ಪ್ರಶ್ನೆ: ನಾವು ಏನು ಬಂದ್ ಮಾಡಿದರೂ ಹುಡುಗರು ಬ್ರೌಸರಿಗೆ ಉಚಿತ ವಿಪಿಎನ್ (ಬೇರೆಯವರ ಸರ್ವರ್ ಮೂಲಕ ಸುತ್ತಿ ಹೋಗುವ ಗುಪ್ತ ದಾರಿ) ಹಾಕಿಕೊಂಡು ನೋಡುತ್ತಾರೆ. ತಡೆಯುವುದು ಹೇಗೆ?

ಉತ್ತರ: ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ತಾಂತ್ರಿಕವಾಗಿ ಮಾಡಬೇಕಾದದ್ದು ಇದೆ: ಬ್ರೌಸರಿಗೆ ಎಕ್ಸ್‌ಟೆನ್ಷನ್ (ಹೆಚ್ಚುವರಿ ಸಣ್ಣ ಸಾಫ್ಟ್‌ವೇರ್) ಸೇರಿಸುವ ಅಧಿಕಾರವನ್ನು ಕಚೇರಿಯ ಪಾಲಿಸಿ ಮೂಲಕ ತೆಗೆಯಿರಿ, ಬ್ರೌಸರ್ ತನ್ನದೇ ಗುಪ್ತ ಡಿಎನ್‌ಎಸ್ ಬಳಸದಂತೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ನಿಮ್ಮ ಫಿಲ್ಟರ್ ಇದ್ದೂ ಇಲ್ಲದಂತೆ. ಉಚಿತ ವಿಪಿಎನ್ ಯಾಕೆ ಬೇಡ ಎಂಬುದನ್ನು ಹುಡುಗರಿಗೂ ಬಿಡಿಸಿ ಹೇಳಿ. 2015ರಲ್ಲಿ ಹೋಲಾ ಎಂಬ ಜನಪ್ರಿಯ ಉಚಿತ ಸೇವೆ ತನ್ನ ಬಳಕೆದಾರರ ಇಂಟರ್‌ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು ಬಯಲಾಯಿತು. ಅಂದರೆ ಯಾರೋ ಮಾಡಿದ ಕೆಲಸಕ್ಕೆ ನಿಮ್ಮ ಕಚೇರಿಯ ವಿಳಾಸ ಅಂಟಿಕೊಳ್ಳುತ್ತದೆ.

ಆಮೇಲೆ ಅವರು ಯಾವುದಕ್ಕಾಗಿ ತೂರುತ್ತಿದ್ದಾರೆ ಎಂದು ಕೇಳಿ. ಕೆಲಸಕ್ಕೆ ಬೇಕಾದ ತಾಣ ತೆರೆಸಿಕೊಳ್ಳಲು ಮೂರು ಜನರ ಸಹಿ, ನಾಲ್ಕು ದಿನ ಕಾಯಬೇಕು ಎಂದರೆ ಯಾರಾದರೂ ಅಡ್ಡದಾರಿ ಹಿಡಿಯುತ್ತಾರೆ. ಸ್ವಂತ ಫೋನುಗಳಿಗೆ ಕಚೇರಿಯ ಜಾಲಕ್ಕೆ ಸಂಬಂಧವೇ ಇಲ್ಲದ ಗೆಸ್ಟ್ ವೈಫೈ ಬಿಟ್ಟುಕೊಟ್ಟರೆ ಅರ್ಧ ತೂರಾಟ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಚಾಟ್‌ಜಿಪಿಟಿಯಂಥವನ್ನು ಬಂದ್ ಮಾಡಬೇಕೇ?

ಉತ್ತರ: 2023ರಲ್ಲಿ ಸ್ಯಾಮ್ಸಂಗ್ ನೌಕರರು ಕಂಪನಿಯ ಗುಟ್ಟಿನ ಕೋಡನ್ನು ಅದರಲ್ಲಿ ಹಾಕಿದ್ದು ತಿಳಿದು, ಆ ಕಂಪನಿ ಇಂಥ ಸೇವೆಗಳ ಬಳಕೆಗೆ ನಿರ್ಬಂಧ ಹೇರಿತು. ಭಯ ನಿಜವಾದದ್ದು. ಆದರೆ ಬರೀ ಬಂದ್ ಮಾಡಿದರೆ ಜನ ಅದೇ ಕಾಗದದ ಫೋಟೊ ತೆಗೆದು ಫೋನಿನಲ್ಲಿ ಕೇಳುತ್ತಾರೆ. ಹಾಕಿದ ಮಾಹಿತಿಯನ್ನು ಆ ಸಾಫ್ಟ್‌ವೇರಿಗೇ ಪಾಠ ಕಲಿಸುವ ತರಬೇತಿಗೆ ಬಳಸುವುದಿಲ್ಲ ಎಂದು ಒಪ್ಪಂದ ಇರುವ ಒಂದು ಸೇವೆ ಕೊಂಡು ಕೊಡಿ, ಉಳಿದವನ್ನು ಬಂದ್ ಮಾಡಿ. ಗಿರಾಕಿಯ ಹೆಸರು, ಖಾತೆ ಸಂಖ್ಯೆ, ಪಾಸ್‌ವರ್ಡ್, ಈ ಮೂರು ಯಾವುದರಲ್ಲೂ ಹಾಕಬಾರದು ಅಂತ ಉದಾಹರಣೆ ಕೊಟ್ಟು ತೋರಿಸಿ.

ಪ್ರಶ್ನೆ: ನೌಕರರಿಗೆ ಮುಂಚೆ ತಿಳಿಸಬೇಕು ಎಂದು ಹಿಂದೆಯೂ ಬರೆದಿದ್ದಿರಿ. ವಕೀಲರು ಕೊಟ್ಟ ಕರಡು ಹನ್ನೆರಡು ಪುಟ ಇದೆ, ಯಾರೂ ಓದುವುದಿಲ್ಲ. ಸುಲಭದ ಮಾತಲ್ಲಿ ಒಂದು ಬರೆದುಕೊಡುತ್ತೀರಾ?

ಉತ್ತರ: ವಕೀಲರದು ಫೈಲಿನಲ್ಲಿರಲಿ, ಅದೂ ಬೇಕು. ಗೋಡೆಗೆ ಅಂಟಿಸುವುದು ಹೀಗಿರಲಿ. ಅಂಟಿಸುವ ಮೊದಲು ಎಲ್ಲರನ್ನೂ ಸೇರಿಸಿ ಓದಿ ಹೇಳಿ, ಪ್ರಶ್ನೆ ಕೇಳಲು ಬಿಡಿ. ಮಾಲೀಕರ ಕಂಪ್ಯೂಟರಿಗೂ ಇದೇ ನಿಯಮ ಅನ್ವಯಿಸಬೇಕು.

‘ವೈರಸ್, ವಂಚನೆ, ಕಳ್ಳ ಸಾಫ್ಟ್‌ವೇರ್, ಅಶ್ಲೀಲ ತಾಣಗಳನ್ನು ಇಲ್ಲಿ ತಡೆಯಲಾಗಿದೆ. ಯಾವ ಕಂಪ್ಯೂಟರ್ ಯಾವ ತಾಣಕ್ಕೆ ಹೋಯಿತು ಎಂಬುದು ದಾಖಲಾಗುತ್ತದೆ, ಮೂರು ತಿಂಗಳ ಮೇಲೆ ಅಳಿಸಲಾಗುತ್ತದೆ. ಭದ್ರತೆಗೆ ಧಕ್ಕೆ ಬಂದಾಗ ಮಾತ್ರ ಐಟಿ ವಿಭಾಗದವರೂ ಇನ್ನೊಬ್ಬ ಹಿರಿಯರೂ ಒಟ್ಟಿಗೆ ಕೂತು ಅದನ್ನು ತೆರೆಯುತ್ತಾರೆ. ನಿಮ್ಮ ಮೇಲ್, ಮೆಸೇಜು ಓದುವುದಿಲ್ಲ. ಬಿಡುವಿನಲ್ಲಿ ಸ್ವಂತ ಕೆಲಸಕ್ಕೆ ಇಂಟರ್‌ನೆಟ್ ನೋಡಬಹುದು. ಕೆಲಸಕ್ಕೆ ಬೇಕಾದ ತಾಣ ತೆರೆಯದಿದ್ದರೆ ಐಟಿ ವಿಭಾಗಕ್ಕೆ ಹೇಳಿ, ಅದೇ ದಿನ ಉತ್ತರ ಕೊಡುತ್ತಾರೆ. ತಪ್ಪಿ ಏನಾದರೂ ಒತ್ತಿಬಿಟ್ಟರೆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆದು, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ, ತಕ್ಷಣ ಫೋನ್ ಮಾಡಿ. ಹೇಳಿದ್ದಕ್ಕಾಗಿ ಯಾರ ಮೇಲೂ ಕ್ರಮ ಇಲ್ಲ.’